ಬೆಟ್ಟದ ಮೇಲೆ 127

ಚೆಂಡು ನನ್ನ ಪಾದಕ್ಕಿಂತ ಒಂದು ಗೇಣು ಮೇಲಿತ್ತು. ಅಷ್ಟು ಓರೆ ಇಳಿಜಾರು. ಒಂದು ಕಾಲು ಜಾರುತ್ತಿತ್ತು, ಇನ್ನೊಂದು ಒದ್ದೆ ಹುಲ್ಲಿನಲ್ಲಿ ಊರಿಕೊಂಡಿತ್ತು. 2024ರ ಸೆಪ್ಟೆಂಬರ್, ಊಟಿ ಜಿಮ್‌ಖಾನಾ ಕ್ಲಬ್ಬಿನ ಗಾಲ್ಫ್ ಮೈದಾನ. ಬೆಳಿಗ್ಗೆ ಹತ್ತೂವರೆ ಆದರೂ ಮಂಜು ಸರಿದಿರಲಿಲ್ಲ. 7 ಐರನ್ ಅನ್ನುವ ಗಾಲ್ಫ್ ಕೋಲು ಬೀಸಿದೆ. ಚೆಂಡು ನೆಟ್ಟಗೆ ಹೋಗುವ ಬದಲು ಎಡಕ್ಕೆ ತಿರುಗಿ ಪೊದೆಯೊಳಗೆ ಸೇರಿಕೊಂಡಿತು. ಮೂರು ನಿಮಿಷ ಹುಡುಕಿದೆವು. ಮೊದಲು ಐದು ನಿಮಿಷ ಹುಡುಕಬಹುದಿತ್ತು, 2019ರಲ್ಲಿ ಮೂರಕ್ಕೆ ಇಳಿಸಿದರು. ಐದು ಕೊಟ್ಟಿದ್ದರೂ ಅದು ಸಿಗುತ್ತಿರಲಿಲ್ಲ ಬಿಡಿ.

ನಮ್ಮ ಯಜಮಾನರು ಗಾಲ್ಫ್ ಆಡುವುದಿಲ್ಲ. ಕಾಫಿ ಫ್ಲಾಸ್ಕ್ ಹಿಡಿದು ಜೊತೆಗೆ ನಡೆಯುತ್ತಾರೆ, ಅಷ್ಟೇ. ಅವರು ಪೊದೆ ನೋಡಿದರು, ನನ್ನ ಮುಖ ನೋಡಿದರು. "ಮೈಸೂರಲ್ಲಿ ಚೆನ್ನಾಗಿ ಆಡ್ತೀಯಲ್ಲೇ?" ಅಂದರು.

ಗಾಲ್ಫಿನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಅವತ್ತು ನನ್ನ ಸ್ಕೋರು 127. ಮೈಸೂರಿನಲ್ಲಿ ನಾನು 106ರ ಆಸುಪಾಸು ಆಡುವವಳು.

ನಾನು ಗಾಲ್ಫ್ ಹಿಡಿದಿದ್ದೇ ತಡವಾಗಿ, 49ನೇ ವಯಸ್ಸಿನಲ್ಲಿ. 24 ವರ್ಷ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಟ್ಟು, ಸಾಕಾಗಿ, ಮನೆಯಲ್ಲಿ ಕೂತಿದ್ದೆ. 2021ರ ಆಗಸ್ಟ್ 7, ಶನಿವಾರ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಇದ್ದಾಳೆ ಅಂತ ಯಾರೋ ಮೆಸೇಜ್ ಹಾಕಿದರು. ಟಿವಿ ಹಾಕಿದೆ. ಬೋಗಿ ಅಂದರೆ ರೈಲು ಅಂದುಕೊಂಡಿದ್ದ ಕಾಲ ಅದು. ಆದರೂ ಒಂದು ವಿಷಯ ನನಗೂ ಅರ್ಥವಾಯಿತು. ಆ ಹುಡುಗಿ ಉಳಿದವರಷ್ಟು ದೂರ ಹೊಡೆಯುತ್ತಿಲ್ಲ. ಆದರೆ ಗ್ರೀನ್, ಅಂದರೆ ಕುಳಿ ಇರುವ ನುಣುಪು ಹುಲ್ಲಿನ ಜಾಗದ ಹತ್ತಿರ ಬಂದಮೇಲೆ ಅವಳನ್ನು ಹಿಡಿಯುವವರಿಲ್ಲ. ಬ್ಯಾಗ್ ಹೊತ್ತುಕೊಂಡಿದ್ದವರು ಅವಳ ಅಮ್ಮ! ಕೊನೆಗೆ ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿ ನಾಲ್ಕನೇ ಸ್ಥಾನ. ಅದೇ ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದ. ಬೆಳಗಿನದನ್ನು ಊರೆಲ್ಲ ಮರೆಯಿತು. ನನಗೆ ಮಾತ್ರ ತಲೆಯಿಂದ ಹೋಗಲಿಲ್ಲ.

ನಾನು ಆಡುವುದು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ. ಪಕ್ಕದಲ್ಲೇ ರೇಸ್‌ಕೋರ್ಸ್, ಕಣ್ಣೆದುರಿಗೆ ಚಾಮುಂಡಿ ಬೆಟ್ಟ. ಈಗ ಯುರೋಪಿನಲ್ಲೆಲ್ಲ ಆಡುವ ಪ್ರಣವಿ ಅರಸ್ ಆಟ ಕಲಿತ ಜಾಗ. ಅಲ್ಲಿ ನನ್ನ ಬ್ಯಾಗ್ ಹೊತ್ತು ದಾರಿ ಹೇಳುವ ಒಬ್ಬ ಕ್ಯಾಡಿ ಇದ್ದಾರೆ, ನನಗಿಂತ ಹತ್ತು ವರ್ಷ ದೊಡ್ಡವರು. "ಮೇಡಂ, ಅನುಮಾನ ಬಂದ್ರೆ ಬೆಟ್ಟ ನೋಡಿ. ಚೆಂಡು ಬೆಟ್ಟದ ಕಡೆಯಿಂದ ಆಚೆಗೇ ಹೋಗೋದು" ಅನ್ನುವುದು ಅವರ ಸಿದ್ಧಾಂತ. ಮೂರು ವರ್ಷ ಅದನ್ನೇ ನಂಬಿ ಪಟ್ ಮಾಡಿದ್ದೆ, ಅಂದರೆ ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ಉರುಳಿಸಿದ್ದೆ. ಎಲ್ಲಿ ಯಾವ ಕ್ಲಬ್, ಅಂದರೆ ಯಾವ ಕೋಲು ಅಂತ ಯೋಚಿಸುವ ಗೋಜೇ ಇರಲಿಲ್ಲ. ಆ ಮರ ದಾಟಿದರೆ 7 ಐರನ್, ದಾಟದಿದ್ದರೆ ಇನ್ನೂ ದೂರ ಹೊಡೆಯುವ 5 ವುಡ್. ನನಗೆ ಬರುತ್ತಿದ್ದದ್ದು ಗಾಲ್ಫ್ ಅಲ್ಲ, ಆ ಮೈದಾನ. ಪರೀಕ್ಷೆಗೆ ಬರುವ ಹತ್ತು ಲೆಕ್ಕ ಬಾಯಿಪಾಠ ಮಾಡಿದ ಹುಡುಗರನ್ನು ನಾನೇ ಎಷ್ಟು ಬೈದಿಲ್ಲ!

ಊಟಿಯಲ್ಲಿ ಬೇರೆ ತಪ್ಪುಗಳೂ ಆದವು. ಹೋದ ದಿನವೇ ಆಡಲು ಇಳಿದಿದ್ದು ಮೊದಲನೆಯದು. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ. ನಾವು ಗೇಟು ತೆಗೆಯುವ ಹೊತ್ತಿಗೆ ಅಲ್ಲಿ ನಿಂತಿದ್ದೆವು. ಆಮೇಲೆ ಮಸಿನಗುಡಿ, ಕಲ್ಲಟ್ಟಿಯ 36 ತಿರುವು. ಹೊಟ್ಟೆ ತೊಳಸಿ, ತಲೆ ತಿರುಗಿ, ಕಾರಿನಿಂದ ಇಳಿದ ಅರ್ಧ ಗಂಟೆಗೆ ಟೀ ಮೇಲೆ, ಅಂದರೆ ಮೊದಲ ಹೊಡೆತದ ಜಾಗದಲ್ಲಿ ನಿಂತೆ. ನೀಲಗಿರಿಗೆ ಇ-ಪಾಸ್ ಬೇಕು ಅಂತ ನೆನಪಿಟ್ಟುಕೊಂಡು ಮಾಡಿಸಿದ್ದೆ. ಕೈ ಬೆಚ್ಚಗಾಗಲು ಹತ್ತು ಚೆಂಡು ಹೊಡೆಯಬೇಕು ಅನ್ನುವುದು ಮಾತ್ರ ಮರೆತಿತ್ತು.

ಎರಡನೆಯದು ಎತ್ತರ. ಮೈಸೂರು 770 ಮೀಟರ್ ಎತ್ತರದಲ್ಲಿದ್ದರೆ ಊಟಿ 2,200 ಮೀಟರಿಗೂ ಮೇಲೆ. ಗಾಳಿ ತೆಳು, ಹಾಗಾಗಿ ಚೆಂಡು ಜಾಸ್ತಿ ದೂರ ಹೋಗುತ್ತದೆ ಅಂತ ಓದಿಕೊಂಡು ಹೋಗಿದ್ದೆ. ನಿಜವೇ. ಆದರೆ ಚಳಿಯಲ್ಲಿ ಚೆಂಡು ಪುಟಿಯುವುದು ಕಡಿಮೆ, ಮೈಯೂ ತಿರುಗುವುದಿಲ್ಲ, ಮೇಲೊಂದು ಸ್ವೆಟರ್ ಬೇರೆ. ಒಂದು ಕೂಡಿಸಿದರೆ ಇನ್ನೊಂದು ಕಳೆಯಿತು. ನಾನು ಕೂಡಿಸಿದ್ದನ್ನಷ್ಟೇ ಲೆಕ್ಕ ಹಾಕಿದ್ದೆ.

ಎಲ್ಲಕ್ಕಿಂತ ದೊಡ್ಡದು ಇಳಿಜಾರು. ಬಲಗೈ ಆಟಗಾರರಿಗೆ ಚೆಂಡು ಪಾದಕ್ಕಿಂತ ಮೇಲಿದ್ದರೆ ಎಡಕ್ಕೆ ಹೋಗುತ್ತದೆ. ಕೆಳಗಿದ್ದರೆ ಬಲಕ್ಕೆ. ಏರಿನಲ್ಲಿ ನಿಂತು ಹೊಡೆದರೆ ಎತ್ತರಕ್ಕೆ ಹಾರಿ ಹತ್ತಿರದಲ್ಲೇ ಬೀಳುತ್ತದೆ. ಇಳಿಯಲ್ಲಿ ನಿಂತು ಹೊಡೆದರೆ ತಗ್ಗಾಗಿ ಹಾರಿ ಓಡುತ್ತದೆ. ನಾಲ್ಕೇ ಸೂತ್ರ. ಗೊತ್ತಿರುವುದು ಬೇರೆ, ಕಾಲಿಗೆ ಗೊತ್ತಾಗುವುದು ಬೇರೆ ಅಲ್ವಾ?

ವಾಪಸ್ ಬಂದವಳೇ ಒಂದು 200 ಪೇಜಿನ ನೋಟ್‌ಬುಕ್ ತೆಗೆದೆ. ಹ್ಯಾಂಡಿಕ್ಯಾಪ್, ಅಂದರೆ ಆಟಗಾರರ ಮಟ್ಟ ಹೇಳುವ ಅಂಕಿ, ಅದೊಂದನ್ನೇ ನಂಬಿದ್ದು ನನ್ನ ತಪ್ಪು. ಅದು ನಮ್ಮ ಸರಾಸರಿ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ. ಕೊನೆಯ 20 ಆಟಗಳಲ್ಲಿ ಅತ್ಯುತ್ತಮ 8ನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅಂದರೆ ಅದು ನಮ್ಮ ಒಳ್ಳೆಯ ದಿನಗಳ ಫೋಟೋ. ಮುಕ್ಕಾಲು ದಿನ ನಾವು ಅದಕ್ಕಿಂತ ಕೆಟ್ಟದಾಗಿ ಆಡುವುದೇ ಸಹಜ. ಇದು ಗೊತ್ತಾದ ದಿನ ಮನಸ್ಸಿಗೆ ಎಷ್ಟೋ ಹಗುರವಾಯಿತು.

ಕ್ಲಬ್ಬಿನಲ್ಲಿ ಮುಂದಿನ ಆಟ 106. ಪ್ರತಿ ಹೊಡೆತವನ್ನೂ ಬರೆದುಕೊಂಡೆ. ಪಟ್ 39. ಪಟ್ ಬಿಟ್ಟು 100 ಗಜದ ಒಳಗಿನ ಹೊಡೆತ 29. ಉಳಿದದ್ದೆಲ್ಲ ಸೇರಿ 38. ಡ್ರೈವಿಂಗ್ ರೇಂಜಿನಲ್ಲಿ ನಾನು ಬುಟ್ಟಿ ಬುಟ್ಟಿ ಚೆಂಡು ಹೊಡೆಯುತ್ತಿದ್ದದ್ದು ಯಾವುದಕ್ಕೆ? ಆ 38ಕ್ಕೆ. ಅದರಲ್ಲೂ ಎಲ್ಲಕ್ಕಿಂತ ದೂರ ಹೊಡೆಯುವ ಡ್ರೈವರ್ ಅನ್ನುವ ಕೋಲು ಕೈಗೆ ಬಂದದ್ದು 13 ಸಲ. ಮೂರರಲ್ಲಿ ಎರಡು ಪಾಲು ಅಂಕ ಇರುವ ಪಾಠವನ್ನು ಮುಟ್ಟದೆ ಇಷ್ಟವಾದ ಪಾಠವನ್ನೇ ಓದುವ ವಿದ್ಯಾರ್ಥಿನಿ ನಾನಾಗಿದ್ದೆ.

ನಮ್ಮದು ಹಳೇ ಮನೆ. ಹಾಲಿನಲ್ಲಿ ಕೆಂಪು ಕಾವಿ ನೆಲ. ಉಜ್ಜಿ ಉಜ್ಜಿ ಕನ್ನಡಿಯಂತಾಗಿದೆ. ಅದರ ಮೇಲೆ ಪಟ್ ಅಭ್ಯಾಸ ಮಾಡಿದವರಿಗೆ ಯಾವ ಗ್ರೀನೂ ವೇಗ ಅನ್ನಿಸುವುದಿಲ್ಲ. ಎರಡು ಸ್ಟೀಲ್ ಲೋಟ ಇಟ್ಟು, ನಡುವೆ ಚೆಂಡು ದಾಟುವಷ್ಟೇ ಜಾಗ ಬಿಟ್ಟು, ಮೂರು ಅಡಿಯಿಂದ ದಿನಕ್ಕೆ 50. ಲೋಟಕ್ಕೆ ತಾಗಿದರೆ ಟಣ್ ಅನ್ನುತ್ತದೆ, ಮತ್ತೆ ಒಂದರಿಂದ ಶುರು. ಮೊದಲ ವಾರ ರಾತ್ರಿಯೆಲ್ಲ ಟಣ್ ಟಣ್. "ದೇವಸ್ಥಾನದ ಪಕ್ಕ ಮನೆ ಮಾಡಿದ ಹಾಗಿದೆ" ಅಂತ ನಮ್ಮವರು ಬಾಗಿಲು ಹಾಕಿಕೊಂಡರು. ಎಂಟು ಅಡಿಯ ಪಟ್ ಬಗ್ಗೆ ತಲೆ ಕೆಡಿಸಿಕೊಳ್ಳುವುದನ್ನು ಬಿಟ್ಟೆ. ಅಷ್ಟು ದೂರದಿಂದ ಅಮೆರಿಕದ ಟೂರ್‌ನ ವೃತ್ತಿಪರರೇ ಎರಡಕ್ಕೆ ಒಂದು ಹಾಕುತ್ತಾರಂತೆ. ನನ್ನದೇನು!

ಚಿಪ್, ಅಂದರೆ ಹತ್ತಿರದಿಂದ ಗ್ರೀನ್ ಮೇಲೆ ಚೆಂಡು ಎತ್ತಿ ಹಾಕುವ ಸಣ್ಣ ಹೊಡೆತದ ಅಭ್ಯಾಸ ತಾರಸಿ ಮೇಲೆ. ಒಂದು ತೆಂಗಿನನಾರಿನ ಕಾಲೊರಸು, ಒಂದು ಹಳೇ ಮಂಕರಿ, ಪ್ಲಾಸ್ಟಿಕ್ ಚೆಂಡು. ನಿಜವಾದ ಚೆಂಡನ್ನು ಒಂದೇ ಒಂದು ಸಲ ಹೊಡೆದಿದ್ದೆ. ಪಕ್ಕದ ಮನೆಯ ಸೋಲಾರ್ ಹೀಟರಿನ ಕಥೆ ಇಲ್ಲಿ ಬೇಡ.

ಇಳಿಜಾರಿಗೆ ದಾರಿ ತೋರಿಸಿದವರು ನಮ್ಮ ಕ್ಯಾಡಿ. ಟೀ ಪಕ್ಕದ ಏರಿಯ ಮೇಲೆ ನಿಲ್ಲಿಸಿದರು. "ಇಲ್ಲಿ ಅರ್ಧ ಬೀಸಿ ಮೇಡಂ. ಪೂರ್ತಿ ಬೀಸಿದ್ರೆ ಬೀಳ್ತೀರಾ" ಅಂದರು. ವಾರಕ್ಕೆ ಎರಡು ದಿನ, ಇಪ್ಪತ್ತು ಚೆಂಡು, ಅರ್ಧ ಬೀಸು. ಅಷ್ಟೇ ಪಾಠ.

2025ರ ಜನವರಿಯಲ್ಲಿ ಥಾಯ್ಲೆಂಡಿನ ಹುವಾ ಹಿನ್‌ಗೆ ಹೋದೆವು. ಪ್ಯಾಕೇಜಿನವರು ಐದು ದಿನಕ್ಕೆ ನಾಲ್ಕು ಮೈದಾನ ತೋರಿಸುತ್ತೇವೆ ಅಂದರು. ನಾನು ಬೇಡ ಅಂದೆ. ಒಂದೇ ಮೈದಾನ, ಮೂರು ದಿನ. ಅವರಿಗೆ ನನ್ನ ತಲೆ ಸರಿಯಿಲ್ಲ ಅನ್ನಿಸಿರಬೇಕು. ನನ್ನ ಲೆಕ್ಕ ಬೇರೆ ಇತ್ತು. ದಿನಕ್ಕೊಂದು ಹೊಸ ಮೈದಾನ ಆಡಿದರೆ ಪ್ರತಿದಿನವೂ ಊಟಿಯೇ. ಎಲ್ಲಿ ತಪ್ಪಿದೆ ಅಂತ ಗೊತ್ತಾಗುವಷ್ಟರಲ್ಲಿ ಬಸ್ಸು ಹತ್ತಿರುತ್ತೇವೆ. ಅದೇ ಮೈದಾನಕ್ಕೆ ಮರುದಿನ ಹೋದರೆ ನಿನ್ನೆಯ ತಪ್ಪು ಅಲ್ಲೇ ಕಾಯುತ್ತಿರುತ್ತದೆ.

ಆರಿಸಿಕೊಂಡದ್ದು ರಾಯಲ್ ಹುವಾ ಹಿನ್. 1924ರದ್ದು, ಥಾಯ್ಲೆಂಡಿನ ಅತಿ ಹಳೆಯ ಗಾಲ್ಫ್ ಮೈದಾನಗಳಲ್ಲೊಂದು. ರೈಲ್ವೆಯ ಸ್ಕಾಟಿಷ್ ಇಂಜಿನಿಯರ್ ಒಬ್ಬರು ರೂಪಿಸಿದ್ದು. ಅದಕ್ಕೇ ಅದು ರೈಲ್ವೆ ಸ್ಟೇಷನ್ನಿನ ಪಕ್ಕದಲ್ಲೇ ಇದೆ. ಬ್ಯಾಂಕಾಕಿನಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್ ಹೊತ್ತಿಗೆ ನಮ್ಮ ರಾಯಚೂರನ್ನು ನೆನಪಿಸುವ ಬಿಸಿಲು.

ವಿಮಾನದಿಂದ ಇಳಿದು ಬ್ಯಾಗ್ ಬಿಚ್ಚಿದರೆ ಡ್ರೈವರ್ ಎರಡು ತುಂಡು. ಯಾರನ್ನು ಬೈಯುವುದು? ಮೆತ್ತನೆಯ ಬಟ್ಟೆ ಬ್ಯಾಗಿನಲ್ಲಿ ಹಾಗೇ ತುಂಬಿದ್ದು ನಾನೇ. ಡ್ರೈವರಿಗಿಂತ ಉದ್ದದ ಒಂದು ಗಟ್ಟಿ ಕೋಲನ್ನು ನಡುವೆ ನಿಲ್ಲಿಸಿ, ಕ್ಲಬ್ಬುಗಳ ತಲೆಗೆ ಟವೆಲ್ ಸುತ್ತಿದ್ದರೆ ಮೇಲಿಂದ ಬಿದ್ದ ಪೆಟ್ಟು ಕೋಲಿಗೆ ಬೀಳುತ್ತಿತ್ತು. ಬಾಡಿಗೆಗೆ ಸಿಕ್ಕಿದ್ದು ಗಂಡಸರ ಡ್ರೈವರ್, ಕಬ್ಬಿಣದ ಸಲಾಕೆಯ ಹಾಗೆ ಬಿಗಿ. ಮೂರು ಹೋಲ್ (ಕುಳಿ) ಆಡಿ ಬ್ಯಾಗಿಗೆ ಹಾಕಿದೆ. ಆಮೇಲೆ ಮೂರೂ ದಿನ 5 ವುಡ್ಡಿನಲ್ಲೇ ಟೀ ಹೊಡೆದೆ.

ಅಲ್ಲಿ ಕ್ಯಾಡಿ ಇಲ್ಲದೆ ಆಡುವ ಹಾಗಿಲ್ಲ. ಒಬ್ಬೊಬ್ಬರಿಗೆ ಒಬ್ಬೊಬ್ಬ ಕ್ಯಾಡಿ, ಹೆಚ್ಚಾಗಿ ಹೆಂಗಸರೇ. ನನಗೆ ಸಿಕ್ಕವರಿಗೆ ಇಂಗ್ಲಿಷ್ ನಾಲ್ಕು ಮಾತು, ನನಗೆ ಥಾಯ್ ಎರಡು. ಕೈಸನ್ನೆಯಲ್ಲೇ ಮೂರು ದಿನ ಕಳೆಯಿತು. ಮೊದಲ ದಿನ ಗ್ರೀನ್ ಮೇಲೆ ಅಭ್ಯಾಸಬಲದಿಂದ ತಲೆ ಎತ್ತಿ ಬೆಟ್ಟ ಹುಡುಕಿದೆ. ಆಕೆ ನನ್ನ ಗಲ್ಲ ಹಿಡಿದು ಕೆಳಗೆ ತಿರುಗಿಸಿದರು! ಹುಲ್ಲು ಯಾವ ಕಡೆ ಮಲಗಿದೆ ಅಂತ ಬೆರಳಲ್ಲಿ ತೋರಿಸಿದರು. ಹುಲ್ಲು ಮಲಗಿದ ಕಡೆ ಹೋಗುವ ಚೆಂಡು ಓಡುತ್ತದೆ, ಎದುರಾಗಿ ಹೋಗುವುದು ನಿಂತುಬಿಡುತ್ತದೆ. ಬಿಸಿಲಿಗೆ ಹೊಳೆಯುತ್ತಾ ಕಂಡರೆ ನಮ್ಮಿಂದ ಆಚೆಗೆ ಮಲಗಿದೆ ಅಂತ. ಕಪ್ಪಾಗಿ ಕಂಡರೆ ನಮ್ಮ ಕಡೆಗೆ. ಮೈಸೂರಿನಲ್ಲೂ ಇದೇ ಹುಲ್ಲು, ಇದೇ ಬಿಸಿಲು. ಬೆಟ್ಟ ನೋಡುವ ಭರದಲ್ಲಿ ನಾನು ನೆಲ ನೋಡಿರಲಿಲ್ಲ.

ಮೊದಲ ದಿನ 113. ಎರಡನೇ ದಿನ 105. ಮೂರನೇ ದಿನ 106, ಅದರಲ್ಲೊಂದು ಹೋಲ್ ಕೋತಿಗಳ ಪಾಲಾಯಿತು. ನಮ್ಮವರ ಕೈಯಲ್ಲಿದ್ದ ಬಾಳೆಹಣ್ಣಿನ ಮೇಲೆ ಅವಕ್ಕೆ ಕಣ್ಣು. ನಾನು ಪಟ್ ಮಾಡುತ್ತಿದ್ದರೆ ಹಿಂದೆ ಕಿಷ್ಕಿಂಧೆ. ನೋಟ್‌ಬುಕ್ಕಿನಲ್ಲಿ ಡ್ರೈವರ್ ಇಲ್ಲದ ಈ ಅಂಕಿಗಳ ಪಕ್ಕ ಎರಡು ಗೆರೆ ಎಳೆದಿದ್ದೇನೆ. ಗೊತ್ತಿಲ್ಲದ ಮೈದಾನ, ಮುರಿದ ಡ್ರೈವರ್, ಆದರೂ ಮನೆಯ ಹಳೇ ಸ್ಕೋರೇ ಬಂತು. ಪಟ್ 39ರಿಂದ 34ಕ್ಕೆ ಇಳಿದಿತ್ತು. ಹೊಸ ಡ್ರೈವರ್ ಕೊಂಡದ್ದು ಊರಿಗೆ ಬಂದು ಐದು ತಿಂಗಳಾದಮೇಲೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಅಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. "ಜೇ" ಅನ್ನಿ. ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ ಊಟ ಅಂತ ಅರ್ಥ. ಬೆಳ್ಳುಳ್ಳಿಯೂ ಇರುವುದಿಲ್ಲ, ನಮ್ಮತ್ತೆ ಇದ್ದಿದ್ದರೆ ಮೆಚ್ಚುತ್ತಿದ್ದರು. ಚಟ್ನಿಪುಡಿ ಅಂತೂ ಬ್ಯಾಗಿನಲ್ಲಿತ್ತು. ಅದು ಮುರಿಯಲಿಲ್ಲ.

ಊಟಿಗೂ ಮತ್ತೆ ಹೋಗಿ ಬಂದೆ. ಈ ಸಲ ಹಿಂದಿನ ಸಂಜೆಯೇ ಹೋಗಿ ಮಲಗಿದೆ. 111. ಆ ಪೊದೆಯ ಹತ್ತಿರ ಅರ್ಧ ಬೀಸು, ಬಲಕ್ಕೆ ಗುರಿ. ಚೆಂಡು ನಿಧಾನವಾಗಿ ಎಡಕ್ಕೆ ತಿರುಗಿ ಫೇರ್‌ವೇ, ಅಂದರೆ ಹುಲ್ಲು ಕತ್ತರಿಸಿದ ಹಾದಿಯ ನಡುವೆ ಕೂತಿತು. ನಮ್ಮವರು ಪೊದೆಯೊಳಗೆ ಕೋಲು ಹಾಕಿ ಹೋದ ವರ್ಷದ ಚೆಂಡು ಹುಡುಕುತ್ತಿದ್ದರು. ಬೇರೆ ಯಾರದೋ ಎರಡು ಸಿಕ್ಕವು.

ಈಗ ಸ್ಕಾಟ್ಲೆಂಡಿನ ಲೆಕ್ಕ ನಡೆಯುತ್ತಿದೆ. ಗಾಲ್ಫಿನ ತವರು ಅನ್ನಿಸಿಕೊಂಡ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಆಡಲು ಎರಡು ದಿನ ಮುಂಚೆ ಚೀಟಿ ಎತ್ತುತ್ತಾರೆ. ಅದಕ್ಕೆ ಕನಿಷ್ಠ ಇಬ್ಬರು ಆಟಗಾರರು ಬೇಕು. ನಾನು ಒಬ್ಬಳೇ. ಒಂಟಿ ಆಟಗಾರರು ರಾತ್ರಿಯೆಲ್ಲ ಸಾಲಿನಲ್ಲಿ ಕಾಯುವ ಕಾಲವಿತ್ತು. 2024ರಿಂದ ಹಿಂದಿನ ದಿನ ಅಲ್ಲೇ ಹೋಗಿ ಹೆಸರು ಕೊಟ್ಟರೆ ಚೀಟಿ ಎತ್ತುತ್ತಾರೆ. ಸಿಗದಿದ್ದರೆ ಪಕ್ಕದಲ್ಲೇ ನ್ಯೂ ಕೋರ್ಸ್ ಇದೆ. ಹೆಸರಿಗೆ ಹೊಸದು, ಹುಟ್ಟಿದ್ದು 1895ರಲ್ಲಿ. ಭಾನುವಾರ ಓಲ್ಡ್ ಕೋರ್ಸಿಗೆ ಸಾಮಾನ್ಯವಾಗಿ ರಜೆ. ಅವತ್ತು ಊರಿನವರು ನಾಯಿ ಕರೆದುಕೊಂಡು ಅದರ ಮೇಲೆ ವಾಕಿಂಗ್ ಹೋಗುತ್ತಾರೆ. ಸಿಕ್ಕರೆ ಆಟ, ಇಲ್ಲದಿದ್ದರೆ ಭಾನುವಾರದ ವಾಕಿಂಗ್. ಹಾಗೆ ಭಾನುವಾರ ಒಳಗೆ ಬರುವಂತೆ ಟಿಕೆಟ್ ನೋಡುತ್ತಿದ್ದೇನೆ.

ನಮ್ಮವರಿಗೆ ಹಿಡಿಸಿದ್ದು ಇನ್ನೊಂದು. ಅಲ್ಲೇ ಪಕ್ಕದಲ್ಲಿ ಬರೀ ಪಟ್ ಮಾಡುವ ಒಂದು ಉಬ್ಬುತಗ್ಗಿನ ಮೈದಾನ ಇದೆ. 1867ರಲ್ಲಿ ಶುರುವಾದ ಹೆಂಗಸರ ಪಟಿಂಗ್ ಕ್ಲಬ್ಬಿನದು. ಜನ ಅದನ್ನು ಹಿಮಾಲಯ ಅಂತಲೇ ಕರೆಯುತ್ತಾರೆ. ಸ್ವಲ್ಪ ದುಡ್ಡು ಕೊಟ್ಟರೆ ಯಾರು ಬೇಕಾದರೂ ಆಡಬಹುದು, ಹ್ಯಾಂಡಿಕ್ಯಾಪ್ ಕೇಳುವುದಿಲ್ಲ. ಇದನ್ನು ಓದಿ ಹೇಳಿದ ದಿನದಿಂದ ಏನೋ ಬದಲಾಗಿದೆ. ನಿನ್ನೆ ರಾತ್ರಿ ಹನ್ನೊಂದಕ್ಕೆ ನೀರು ಕುಡಿಯಲು ಎದ್ದೆ. ಹಾಲಿನಲ್ಲಿ ಲೈಟ್ ಉರಿಯುತ್ತಿತ್ತು. ಟಣ್ ಅಂತ ಸದ್ದು. ಬಾಗಿಲ ಸಂದಿಯಿಂದ ನೋಡಿದರೆ ಲುಂಗಿ ಎತ್ತಿ ಕಟ್ಟಿಕೊಂಡು, ನನ್ನ ಪಟರ್ ಹಿಡಿದು, ಬಗ್ಗಿ ನಿಂತಿದ್ದಾರೆ.

"ಎಷ್ಟಾಯ್ತು ರೀ?" ಅಂದೆ.

"ಹನ್ನೆರಡಾಗಿತ್ತು. ನೀನು ಮಾತಾಡ್ಸಿ ಕೆಡಿಸಿದೆ" ಅಂದರು. ಲೋಟ ಸರಿ ಮಾಡಿ ಮತ್ತೆ ಒಂದರಿಂದ ಶುರು ಮಾಡಿದರು.