ಕೋಟೆ ಟಿಪ್ಪಣಿ, ಮೂರನೇ ವಾರ: 'ಈಸ್' ಹಾಕಲಾ, 'ವಾಸ್' ಹಾಕಲಾ?

ಚಿತ್ರದುರ್ಗದ ಕೋಟೆ ಬಗ್ಗೆ ಇಂಗ್ಲಿಷ್‌ನಲ್ಲಿ ಎರಡು ಪುಟ ಬರೆಯುತ್ತಿದ್ದೇನೆ. ನಮ್ಮ ನೆಂಟರ ಜೊತೆ ಕನ್ನಡ ಬಾರದ ಗೆಳೆಯರೂ ಕೋಟೆ ನೋಡಲು ಬರುತ್ತಾರೆ, ಅವರ ಕೈಗೆ ಕೊಡಲು. ಈ ವಾರ ಪೂರ್ತಿ ಕ್ರಿಯಾಪದದ ಕಾಲ ಸರಿ ಮಾಡುವುದರಲ್ಲೇ ಹೋಯಿತು.

ಮೊದಲ ಸಲ ಎಲ್ಲವನ್ನೂ ಭೂತಕಾಲದಲ್ಲೇ ಬರೆದಿದ್ದೆ. ಹಳೇ ಕೋಟೆ ಅಲ್ವಾ! 'ದಿ ಫೋರ್ಟ್ ವಾಸ್ ಆನ್ ಎ ಹಿಲ್' ಅಂತ ಓದಿದ ಮಗಳು ಕೇಳಿದಳು: "ಅಮ್ಮಾ, ಈಗ ಇಲ್ವಾ ಹಾಗಾದ್ರೆ?"

ಆ ಪ್ರಶ್ನೆಯಿಂದಲೇ ದಾರಿ ಸಿಕ್ಕಿತು. ಇವತ್ತು ಹತ್ತಿ ಹೋದರೆ ಕಣ್ಣಿಗೆ ಕಾಣುವುದಕ್ಕೆ ವರ್ತಮಾನ, ನಡೆದು ಮುಗಿದದ್ದಕ್ಕೆ ಭೂತ. ಓಬವ್ವನ ಕಿಂಡಿಗೆ 'ಈಸ್'. ಅಲ್ಲಿ ಓಬವ್ವ ಒನಕೆ ಹಿಡಿದು ನಿಂತದ್ದಕ್ಕೆ 'ಸ್ಟುಡ್'. 1779ರಲ್ಲಿ ಹೈದರಾಲಿ ಕೋಟೆ ವಶ ಮಾಡಿಕೊಂಡದ್ದಕ್ಕೆ 'ಟುಕ್'. ಹೊಂಡಗಳ ಬಗ್ಗೆ ಬರೆದ ಸಾಲಿನಲ್ಲಿ ಎರಡೂ ಒಟ್ಟಿಗೆ ಬಂದವು. ಕಟ್ಟಿದ್ದು ಹಿಂದೆ, ಅದಕ್ಕೆ 'ಬಿಲ್ಟ್'. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ ಹರಿಯುವುದು ಇಂದಿಗೂ ನಿಜ, ಅದಕ್ಕೆ 'ಫ್ಲೋಸ್'. ಈ ಸಾಲು ನನಗೆ ತುಂಬಾ ಇಷ್ಟ.

ಜಾಸ್ತಿ ಹೊತ್ತು ಹಿಡಿದದ್ದು ಸಿಡಿಮದ್ದು ಬೀಸುವ ಕಲ್ಲುಗಳ ಬಗ್ಗೆ ಬರೆದ ಸಾಲು. 'ಇಲ್ಲಿ ಮದ್ದು ಬೀಸುತ್ತಿದ್ದರು' ಅನ್ನುವುದನ್ನು 'ವರ್ ಗ್ರೈಂಡಿಂಗ್' ಅಂತ ಬರೆದೆ. ನಮ್ಮ 'ಬೀಸುತ್ತಿದ್ದರು' ಎರಡು ಅರ್ಥ ಹೊರುತ್ತದೆ: ಆ ಗಳಿಗೆಯಲ್ಲಿ ಬೀಸುತ್ತಾ ಇದ್ದರು, ಇಲ್ಲಾ ಬೀಸುವುದು ರೂಢಿಯಾಗಿತ್ತು. 'ವರ್ ಗ್ರೈಂಡಿಂಗ್' ಅಂದರೆ ಆ ಗಳಿಗೆಯ ಚಿತ್ರ ಬರುತ್ತದೆ. ರೂಢಿಗೆ 'ಯೂಸ್ಡ್ ಟು ಗ್ರೈಂಡ್' ಬೇಕು, ಅಥವಾ ಬರೀ 'ಗ್ರೌಂಡ್' ಸಾಕು. ನೆಲಕ್ಕೂ 'ಗ್ರೌಂಡ್' ಅನ್ನುತ್ತಾರಲ್ಲ, ಗೊಂದಲ ಬೇಡ ಅಂತ 'ಯೂಸ್ಡ್ ಟು' ಇಟ್ಟೆ. ಕಲ್ಲುಗಳಿಗೆ ಮಾತ್ರ 'ಆರ್', ಇನ್ನೂ ಅಲ್ಲೇ ಇವೆ.

ಇನ್ನೊಂದು ತಿದ್ದುಪಡಿ. 'ನಿನ್ನೆ ನೋಡಿದ್ದೇನೆ' ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ. ಇಂಗ್ಲಿಷ್‌ನಲ್ಲಿ 'ನಿನ್ನೆ' ಬಂತು ಅಂದರೆ 'ಹ್ಯಾವ್ ಸೀನ್' ಕೂಡದು, 'ಸಾ' ಅಂತಲೇ ಆಗಬೇಕು.

ಓಬವ್ವನ ಕತೆಗೆ ಇಷ್ಟು ಒದ್ದಾಡಬೇಕಾಗಲಿಲ್ಲ. ಕಾವಲಿನ ಗಂಡ ಊಟಕ್ಕೆ ಮನೆಗೆ ಬಂದಿದ್ದ, ಅವಳು ನೀರಿಗೆ ಹೋದಳು. 'ಬಂದಿದ್ದ'ಕ್ಕೆ 'ಹ್ಯಾಡ್ ಕಮ್', 'ಹೋದಳು'ಗೆ 'ವೆಂಟ್'. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಎರಡು ಭಾಷೆಯಲ್ಲೂ ಹಾಗೇ ಉಳಿಯಿತು. ಆ ಪ್ಯಾರಾ ಒಂದೇ ಸಂಜೆಗೆ ಮುಗಿಯಿತು. ನಾಳೆ ಏಕನಾಥೇಶ್ವರಿ ಗುಡಿಯದು.