ಬೆಂಕಿ ಇಲ್ಲದ ಇಂಜಿನ್: ಇಲ್ಲಿಯವರೆಗಿನ ಕೆಲಸ

ನಾನು ಕಟ್ಟುತ್ತಿರುವ ಸಿಂದ್ರಿ ಇಂಜಿನ್ ಮಾಡೆಲ್‌ನ ಚಾಸಿಸ್ (ಚಕ್ರ ಕೂರುವ ತಳದ ಚೌಕಟ್ಟು) ಈ ವಾರ ಹಳಿ ಮೇಲೆ ನಿಂತಿತು. ನಾಲ್ಕು ಚಕ್ರವೂ ಸಮವಾಗಿ ಕೂತಿವೆ. ಬೆರಳಲ್ಲಿ ತಳ್ಳಿದರೆ ಅಲುಗಾಡದೆ ಉರುಳುತ್ತದೆ.

ಹೊಸದಾಗಿ ಓದುವವರಿಗೆ ಒಂದು ಮಾತು. ಅಸಲಿ ಇಂಜಿನ್ ಜರ್ಮನಿಯ ಹೆನ್ಶೆಲ್ ಕಂಪನಿಯದ್ದು, 1953ರದ್ದು. ಜಾರ್ಖಂಡ್‌ನ ಸಿಂದ್ರಿ ಗೊಬ್ಬರದ ಕಾರ್ಖಾನೆಯಲ್ಲಿ ದುಡಿದು ಈಗ ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿ ನಿಂತಿದೆ. ಇದಕ್ಕೆ ಒಲೆಯೂ ಇಲ್ಲ, ಕಲ್ಲಿದ್ದಲೂ ಬೇಡ. ದೊಡ್ಡ ಡ್ರಮ್ಮಿನಲ್ಲಿ ನೀರು ಇರುತ್ತದೆ, ಅದಕ್ಕೆ ಹೊರಗಿನ ಬಾಯ್ಲರ್‌ನಿಂದ ಒತ್ತಡದ ಹಬೆ ತುಂಬುತ್ತಾರೆ. ಓಡುತ್ತಾ ಹಬೆ ಖರ್ಚಾದಂತೆ ಒತ್ತಡ ಇಳಿಯುತ್ತದೆ. ಆಗ ಆ ಬಿಸಿನೀರು ತಾನೇ ಕುದ್ದು ಇನ್ನಷ್ಟು ಹಬೆ ಕೊಡುತ್ತದೆ. ಒತ್ತಡ ತೀರಾ ಇಳಿಯುವ ಮುಂಚೆ ಮತ್ತೆ ತುಂಬಿಸಿಕೊಳ್ಳಬೇಕು. ಕಿಡಿ ಹಾರಬಾರದ ಕಾರ್ಖಾನೆಗಳಿಗೆ ಹೇಳಿ ಮಾಡಿಸಿದ ಗಾಡಿ!

ಮಾಡೆಲ್ ಕೂಡ ಹಾಗೇ ಓಡಬೇಕು ಅನ್ನೋದು ನನ್ನ ಆಸೆ. ಅದಕ್ಕೇ ಹಳಿಯಲ್ಲಿ ಕರೆಂಟ್ ಹರಿಸುತ್ತಿಲ್ಲ. 25 ಮಿ.ಮೀ. ಪಿವಿಸಿ ಪೈಪಿನ ಡ್ರಮ್ಮಿನೊಳಗೆ ಎಎ ಸೈಜಿನ ಲಿಥಿಯಂ ಸೆಲ್ ಮತ್ತು ಚಾರ್ಜಿಂಗ್ ಬೋರ್ಡ್ ಕೂರುತ್ತವೆ. ಗೇರ್ ಇರುವ ಸಣ್ಣ ಎನ್20 ಮೋಟಾರ್ ಕ್ಯಾಬಿನ (ಚಾಲಕ ನಿಲ್ಲುವ ಕೋಣೆಯ) ಕೆಳಗೆ. ಮಾಡೆಲ್ ರೈಲಿನ ಲೇಔಟಿನ ಒಂದು ಮೂಲೆಯಲ್ಲಿ ಬಾಯ್ಲರ್ ಮನೆ ಕಟ್ಟಿ, ಅಲ್ಲಿಂದ ಬರುವ ಹಬೆ ಕೊಳವೆಯನ್ನೇ ಮ್ಯಾಗ್ನೆಟ್‌ನಿಂದ ಅಂಟುವ ಚಾರ್ಜಿಂಗ್ ಪ್ಲಗ್ ಮಾಡುತ್ತೇನೆ. ಓಡಿ ಸುಸ್ತಾದ ಇಂಜಿನ್ ಅಲ್ಲಿಗೇ ಬಂದು ಚಾರ್ಜ್ ಆಗಬೇಕು. ಚೆನ್ನಾಗಿರುತ್ತೆ ಅಲ್ವಾ?

ಅಳತೆ 1:76, ಅಂದರೆ ಅಸಲಿಯ 76ರಲ್ಲಿ ಒಂದು ಭಾಗ. ನಮ್ಮ ಬ್ರಾಡ್‌ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಂತರ 1676 ಮಿ.ಮೀ., ಅಂದರೆ ಈ ಅಳತೆಗೆ ಸುಮಾರು 22 ಮಿ.ಮೀ. ಅಂಗಡಿಯಲ್ಲಿ ಸಿಗುವ ಹಳಿ 16.5 ಮಿ.ಮೀ. ಮಾತ್ರ. ಅದರ ಮೇಲೆ ನಿಲ್ಲಿಸಿದರೆ ಇಂಜಿನ್ ಕಾಲು ಜೋಡಿಸಿ ನಿಂತ ಹಾಗೆ ಕಾಣುತ್ತದೆ. ಅದು ನನಗೆ ಒಪ್ಪಲಿಲ್ಲ, ಹಳಿಯನ್ನೂ ಕೈಯಲ್ಲೇ ಹಾಕಿದೆ. ಸ್ಲೀಪರ್‌ಗೆ (ಹಳಿಯ ಅಡಿಗೆ ಹಾಕುವ ಅಡ್ಡಪಟ್ಟಿಗೆ) ಕಾಫಿ ಗಿಡದ ಮರ. ಮೂಡಿಗೆರೆಯ ಚಿಕ್ಕಪ್ಪ "ಹಳೇ ರೊಬಸ್ಟಾ ಕಿತ್ತಿದ್ದೀವಿ, ಬೇಕಾದಷ್ಟು ತಗೊಂಡು ಹೋಗಪ್ಪಾ" ಅಂದರು. ಗಟ್ಟಿ ಮರ, ಎಳೆ ನಯ. 36 ಮಿ.ಮೀ. ಉದ್ದ, 3.3 ಅಗಲಕ್ಕೆ ಕುಯ್ದರೂ ಅಂಚು ಸೀಳುವುದಿಲ್ಲ. ಪಾಲಿಶ್ ಹಾಕದಿದ್ದರೆ ಬಿಸಿಲಲ್ಲಿ ಬಿದ್ದ ಹಳೇ ಸ್ಲೀಪರಿನ ಬಣ್ಣವೇ ಬರುತ್ತದೆ.

ಬಣ್ಣದ ಕೆಲಸ ನಿಂತಿದೆ. ಚಿಕ್ಕಮಗಳೂರಿನ ಈ ಮಳೆಯಲ್ಲಿ ಸ್ಪ್ರೇ ಹೊಡೆದರೆ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಮಳೆ ನಿಲ್ಲುವವರೆಗೆ ಕ್ಯಾಬಿಗೆ ಹಿತ್ತಾಳೆ ತಗಡು ಕತ್ತರಿಸುತ್ತೇನೆ.

ದೆಹಲಿಗೆ ಹೋಗುವವರು ಇದ್ದರೆ ಇಂಜಿನ್‌ನ ಎದುರಿಗೆ ನೇರವಾಗಿ ನಿಂತು ಒಂದು ಫೋಟೋ ತೆಗೆದು ಕಳಿಸಿ. ಹಳಿಯೂ ಕಾಣಬೇಕು. ಹಳಿಗಳ ನಡುವಿನ ಅಂತರ ಗೊತ್ತಿರುವುದರಿಂದ ಮುಂಭಾಗದ ಉಳಿದ ಅಗಲ, ಎತ್ತರಗಳನ್ನು ಅದರಿಂದಲೇ ಅಂದಾಜು ಮಾಡಬಹುದು.