ಬಾವಿ ಇಲ್ಲದ ಮ್ಯಾಪ್

"ಇದರಲ್ಲಿ ನಮ್ಮ ಬಾವಿ ಎಲ್ಲಿ ಉಂಟು ಮಗಾ?"

ಭಾನುವಾರದಿಂದ ಈ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಮಣಿಪಾಲದ ಹತ್ತಿರದ ಒಂದು ಊರಿನಲ್ಲಿ ಶಾಲೆ ಮಕ್ಕಳಿಗೆ ಓರಿಯೆಂಟೀರಿಂಗ್, ಅಂದರೆ ಮ್ಯಾಪ್ ನೋಡಿ ಗುರುತು ಹುಡುಕುತ್ತಾ ಓಡುವ ಸ್ಪರ್ಧೆ, ಇಟ್ಟಿದ್ದರು. ನಾನು ಸುಮ್ನೆ ಒಂದು ಕಂಟ್ರೋಲ್ (ಓಡುವವರು ಹುಡುಕಿ ಮುಟ್ಟಬೇಕಾದ ಜಾಗ) ಕಾಯಲು ಹೋದವನು. ಇಬ್ಬರು ಹುಡುಗಿಯರು ಓಡಿ ಬಂದು ಒಂದು ಪಾಗಾರದ ಎದುರು ನಿಂತುಬಿಟ್ಟರು. ಮ್ಯಾಪಿನಲ್ಲಿ ಅಲ್ಲಿ ಬರೀ ಬಯಲು. ಎದುರಿಗೆ ಎದೆಯೆತ್ತರದ ಮುರಕಲ್ಲಿನ ಗೋಡೆ. ಒಳಗಿಂದ ಅಜ್ಜಿಯೊಬ್ಬರು ಬಂದರು. ಸೆರಗಿಗೆ ಕೈ ಒರೆಸಿ ಮ್ಯಾಪ್ ತೆಗೆದುಕೊಂಡರು, ಮೂಗಿನ ಹತ್ತಿರ ಹಿಡಿದರು, ತಿರುಗಿಸಿದರು. ಆಮೇಲೆ ಕೇಳಿದ್ದು ಈ ಮಾತು.

"ಬಾವಿ ಹಾಕಿಲ್ಲ ಅಜ್ಜಿ" ಅಂದಳು ಒಬ್ಬಳು.

"ಬಾವಿ ಹಾಕದೆ ಇದೆಂತ ಮ್ಯಾಪ್ ಮಾರಾಯ್ತಿ!"

ಕೋರ್ಸ್, ಅಂದರೆ ಓಟದ ದಾರಿ, ಹಾಕಿದವರು ಮಿಲಿಟರಿಯಲ್ಲಿದ್ದವರು. 1:50,000ದ ಟೋಪೋಶೀಟ್ (ಸರ್ವೆ ನಕ್ಷೆ) ಹಿಡಿದು ಗುಡ್ಡಬೆಟ್ಟ ಸುತ್ತಿದ ಜನ. ಕೆಲಸದಲ್ಲಿ ಶಿಸ್ತು ಅಂದರೆ ಶಿಸ್ತು. ಆದರೆ ಬೇರೆಯವರ ಮಾತು ಕಿವಿಗೆ ಹಾಕಿಕೊಳ್ಳುವುದು ಸ್ವಲ್ಪ ಕಡಿಮೆ. ಈ ಮ್ಯಾಪಿನ ಸ್ಕೇಲ್ ಯಾಕೆ 1:15,000 ಅಂದರೆ "ಅಂತರರಾಷ್ಟ್ರೀಯ ನಿಯಮವೇ ಹಾಗೆ" ಅನ್ನುತ್ತಾರೆ. ಹೌದು, ನಿಯಮ ಉಂಟು. ಅದು ಕಾಡಿನಲ್ಲಿ ದೂರ ಓಡುವವರಿಗೆ. ಮಿಡ್ಲ್ (ಮಧ್ಯಮ ದೂರದ ಓಟ) ಮತ್ತು ರಿಲೇಗೆ 1:10,000. ಮನೆ, ಓಣಿ, ಗೋಡೆಗಳ ನಡುವಿನ ಸ್ಪ್ರಿಂಟ್‌ಗೆ 1:4,000. ಅವರು ಹಿಡಿದುಕೊಂಡದ್ದು ಮೊದಲನೆಯದನ್ನು ಮಾತ್ರ.

ಕೂತು ಲೆಕ್ಕ ಹಾಕಿದೆ. 1:15,000ದಲ್ಲಿ ಒಂದು ಸೆಂ.ಮೀ. ಅಂದರೆ 150 ಮೀಟರ್. ಎರಡು ಪಾಗಾರಗಳ ನಡುವಿನ ಮೂರು ಮೀಟರ್ ಓಣಿ 0.2 ಮಿ.ಮೀ. ಆಗುತ್ತದೆ. ಗೆರೆ ಎಳೆದರೆ ಓಣಿಯೇ ಮುಚ್ಚಿಹೋಗುತ್ತದೆ. 1:4,000ದಲ್ಲಿ ಅದೇ ಓಣಿ 0.75 ಮಿ.ಮೀ., ಓಡುತ್ತಲೇ ಕಾಣುವಷ್ಟು. ಕಂಟ್ರೋಲ್ ಇರುವ ಜಾಗಕ್ಕೆ ಹಾಕುವ ನೇರಳೆ ವೃತ್ತ ನೋಡಿ. 1:15,000ದಲ್ಲಿ ಅದರ ಅಗಲ 5 ಮಿ.ಮೀ., ನೆಲದ ಮೇಲೆ 75 ಮೀಟರ್. ಕಾಡಿನಲ್ಲಿ ಅಷ್ಟರೊಳಗೆ ಒಂದು ದೊಡ್ಡ ಬಂಡೆ ಸಿಕ್ಕರೆ ಪುಣ್ಯ. ನಮ್ಮಲ್ಲಿ? ಮೂರು ಮನೆ, ಒಂದು ಹಟ್ಟಿ, ತೆಂಗಿನ ತೋಟ, ಒಂದು ನಾಗಬನ. ಮಕ್ಕಳು ಯಾವುದರ ಹಿಂದೆ ಹುಡುಕಬೇಕು?

ಮಧ್ಯಾಹ್ನ ಗಂಜಿ ಊಟದ ಹೊತ್ತಿಗೆ ಒಬ್ಬರು ಸುಲಭದ ದಾರಿ ಹೇಳಿದರು. "ಇದನ್ನೇ ಜೆರಾಕ್ಸ್‌ನಲ್ಲಿ ದೊಡ್ಡದು ಮಾಡುವ, ಅಲ್ವಾ?" ದೊಡ್ಡದು ಮಾಡುವುದರಲ್ಲಿ ತಪ್ಪೇನಿಲ್ಲ. ಎಳೆಯರಿಗೆ, ವಯಸ್ಸಾದವರಿಗೆ 1:15,000ದ ಮ್ಯಾಪನ್ನೇ ಒಂದೂವರೆ ಪಟ್ಟು ಹಿಗ್ಗಿಸಿ 1:10,000 ಕೊಡುವ ಕ್ರಮ ಉಂಟು. ಅದು ಕಣ್ಣಿಗೆ ಸಹಾಯ. ಸರ್ವೆಯಲ್ಲಿ ಬಿಟ್ಟ ಪಾಗಾರ ಜೆರಾಕ್ಸ್ ಅಂಗಡಿಯಲ್ಲಿ ಹುಟ್ಟುವುದಿಲ್ಲ. ಗೆರೆ ದಪ್ಪ ಆಗುತ್ತದೆ, ಅಷ್ಟೆ. 1:4,000 ಬೇಕಾದರೆ ಮತ್ತೆ ಊರಿಡೀ ನಡೆಯಬೇಕು. ಯಾವ ತಡಮೆ ದಾಟಬಹುದು, ಯಾವ ಗೋಡೆ ದಾಟಬಾರದು, ಯಾರ ಹಿತ್ತಲು ಪ್ರವೇಶವಿಲ್ಲದ ಜಾಗ ಅಂತ ಒಂದೊಂದೇ ಬರೆದುಕೊಳ್ಳಬೇಕು.

ಮತ್ತೆ ಅಜ್ಜಿಯ ಮಾತಿಗೇ ಬರುತ್ತೇನೆ. ಬಾವಿಗೂ ನೀಲಿ ಗುರುತು ಉಂಟು. ಆದರೆ ಹಿತ್ತಲಿಗೊಂದು ಬಾವಿ ಇರುವ ನಮ್ಮೂರಲ್ಲಿ 1:15,000ಕ್ಕೆ ಎಲ್ಲವನ್ನೂ ಹಾಕಿದರೆ ಮ್ಯಾಪಿಗೆ ದಡಾರ ಬಂದ ಹಾಗೆ ಕಾಣುತ್ತದೆ. ಕೆಲವನ್ನು ಬಿಡಲೇಬೇಕು. ಕಾಡಿನ ಮ್ಯಾಪ್ ಮಾಡುವವರು ಓಟಗಾರನಿಗೆ ಬೇಡದ್ದನ್ನು ಬಿಡುತ್ತಾರೆ. ಇಲ್ಲಿ ಬಿಟ್ಟದ್ದೆಲ್ಲ ಆ ಹುಡುಗಿಯರಿಗೆ ಬೇಕಾದದ್ದು. ನಮ್ಮ ಕಡೆ ದಾರಿ ಕೇಳಿದರೆ ಜನ ಎಂತ ಹೇಳುತ್ತಾರೆ? ಬಾವಿಯ ಬದಿಯಿಂದ ಹೋಗಿ, ಕಟ್ಟಪುಣಿ ಹಿಡಿಯಿರಿ, ತೋಡು ದಾಟಿ. ಅಜ್ಜಿಯೂ ಆ ಮಕ್ಕಳಿಗೆ ಹೇಳಿದ್ದು ಹಾಗೆಯೇ. ಕಂಟ್ರೋಲ್ ಸಿಕ್ಕಿತು. ನಿಯಮದ ಪ್ರಕಾರ ಅದು ಹೊರಗಿನ ಸಹಾಯ. ನಾನು ಯಾರಿಗೂ ಹೇಳಲಿಲ್ಲ.

ನಿನ್ನೆ ಕೋರ್ಸ್ ಹಾಕಿದವರಿಗೆ ಫೋನ್ ಮಾಡಿ, ಎರಡು ಭಾನುವಾರ ನಾನೂ ಬರುತ್ತೇನೆ, ಮೊದಲಿಂದ ಸರ್ವೆ ಮಾಡುವ ಸರ್ ಅಂದೆ. "ನೋಡುವ" ಅಂದರು. ಮಳೆಗೆ ಮುಂಚೆ ಮುಗಿಯಬೇಕು. ನೇಜಿ ನೆಟ್ಟ ಮೇಲೆ ಗದ್ದೆಗೆ ಇಳಿಯಲು ಯಾರೂ ಬಿಡುವುದಿಲ್ಲ, ಬಿಡಲೂ ಬಾರದು.